ಬಳುವಳಿ ಮತ್ತು ಉಡಿಕೆ: ತೊರಗಲ್ ಸೀಮೆಯ ಒಂದು ಪದವಿಚಾರ

‘ಉಡಿಕೆ’ ಎಂಬುದಕ್ಕೆ ‘ವಿಧವಾವಿವಾಹ’ ಎಂದು ಅರ್ಥ ಬರೆದು ಮುಂದೆ ಸಾಗುವುದು ವಾಡಿಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ತೊರಗಲ್ ಸೀಮೆಯ ಬಳಕೆಗೆ ಈ ಅರ್ಥ ಸಾಲದು. ಗಂಡ ಸತ್ತವಳದಷ್ಟೇ ಅಲ್ಲ, ಗಂಡನಿಂದ ಬಿಡುಗಡೆ ಪಡೆದವಳ ಮರುಮದುವೆಯೂ ಉಡಿಕೆಯೇ, ಆಡುಮಾತಿನಲ್ಲಿ ‘ಉಡಕಿ’. ಇದರ ಮೂಲ ‘ಉಡು’ ಧಾತು. ಧಾರೆ, ಅಕ್ಷತೆಗಳ ಸಂಭ್ರಮವಿಲ್ಲದೆ ಹೊಸ ಸೀರೆ ಉಡಿಸುವುದೇ ಇಲ್ಲಿ ವಿವಾಹಕ್ರಿಯೆ. ದಕ್ಷಿಣದ ‘ಸೀರುಡಿಕೆ’ ಎಂಬ ರೂಪ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಗಮನಾರ್ಹ ಸಂಗತಿಯೆಂದರೆ, ಆಸ್ತಿಯ ಬಗೆಗೆ ಈ ಪದ ಏನನ್ನೂ ಹೇಳುವುದಿಲ್ಲ.

ಆಸ್ತಿಯನ್ನು ಹೇಳುವ ಪದ ‘ಬಳುವಳಿ’. ‘ಬಳಿ’ ಎಂದರೆ ಹಿಂದೆ, ಸಮೀಪ; ವಧುವಿನ ಬೆನ್ನ ಹಿಂದೆ ತವರಿನಿಂದ ಬಂದದ್ದು ಎಂದು ಅರ್ಥೈಸುವುದು ಯುಕ್ತ. ಇದು ಒಡವೆ ವಸ್ತ್ರಗಳಿಗೆ ಸೀಮಿತವಾಗಿರಲಿಲ್ಲ. ರಾಷ್ಟ್ರಕೂಟ ರಾಜಪುತ್ರಿ ರೇವಕನಿಮ್ಮಡಿಯನ್ನು ಗಂಗ ಬೂತುಗನಿಗೆ ಕೊಟ್ಟಾಗ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಬಳುವಳಿಯಾಗಿ ಸಂದವೆಂದು ಕ್ರಿ.ಶ. 975ರ ಹೆಬ್ಬಾಳ ಶಾಸನದಿಂದ ತಿಳಿಯುತ್ತದೆ. ಇವೆಲ್ಲ ತೊರಗಲ್ಲಿನ ನೆರೆಯ ನಾಡುಗಳು. ಅರಸುಮನೆಯ ಬಳುವಳಿ ಅಳಿಯನ ಆಳ್ವಿಕೆಗೇ ಸೇರಿತೆಂಬುದು ನಿಜ; ಒಕ್ಕಲು ಮನೆಯ ಲೆಕ್ಕ ಬೇರೆ.

ಈ ಎರಡು ಪದಗಳ ನಡುವಣ ಅಂತರ ನ್ಯಾಯಾಲಯದಲ್ಲಿ ಪ್ರಶ್ನೆಯಾದದ್ದು 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆಯ ಬಳಿಕ. ಮರುಮದುವೆಯಾದ ವಿಧವೆಗೆ ಮೊದಲ ಗಂಡನ ಆಸ್ತಿಯಲ್ಲಿದ್ದ ಹಕ್ಕು, ಅವಳು ಆಗಲೇ ಸತ್ತಳೋ ಎಂಬಂತೆ ಮುಗಿಯುತ್ತದೆಂದು ಅದರ 2ನೆಯ ಕಲಮು ವಿಧಿಸಿತು. ಅವಳ ಇತರ ಸ್ವತ್ತನ್ನು 5ನೆಯ ಕಲಮು ಉಳಿಸಿತು. ಅಂದರೆ ಅವಳದೇ ಆದ ಬಳುವಳಿ ಅವಳೊಂದಿಗೆ ಹೋಯಿತು, ಗಂಡನ ಹೊಲ ಹಿಂದೆ ಉಳಿಯಿತು. ಆದರೆ ಉಡಿಕೆ ರೂಢಿಯಲ್ಲಿದ್ದ ಜಾತಿಗಳ ಹೆಣ್ಣಿಗೆ ಈ ಕಾಯಿದೆಯ ಅನುಮತಿಯೇ ಬೇಕಿರಲಿಲ್ಲ. ಅಂಥವಳಿಗೆ ಹಕ್ಕುಚ್ಯುತಿ ಅನ್ವಯಿಸದೆಂದು ಅಲಹಾಬಾದ್ ಉಚ್ಚ ನ್ಯಾಯಾಲಯ 1889ರಲ್ಲಿ ತೀರ್ಮಾನಿಸಿದರೆ, ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠ 1896ರಲ್ಲಿ ಅನ್ವಯಿಸುತ್ತದೆ ಎಂದಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿಯ ವ್ಯಾಪ್ತಿಯಲ್ಲಿತ್ತು. ಉಪಕಾರಕ್ಕೆಂದು ಬಂದ ಕಾಯಿದೆಯಿಂದ ಬೈಲಹೊಂಗಲ, ಸವದತ್ತಿಗಳ ಉಡಿಕೆಯ ಹೆಣ್ಣಿಗೆ ದಕ್ಕಿದ್ದು ನಷ್ಟದ ಪಾಲು ಮಾತ್ರ. ಪಕ್ಕದ ರಾಮದುರ್ಗ ಆಗ ಪ್ರತ್ಯೇಕ ಸಂಸ್ಥಾನ, ತೊರಗಲ್ಲು ಕೊಲ್ಲಾಪುರದ ಅಧೀನ ಜಹಗೀರು. ಬ್ರಿಟಿಷ್ ಕಾಯಿದೆ ಅಲ್ಲಿಗೆ ನೇರವಾಗಿ ತಾಗುತ್ತಿರಲಿಲ್ಲ. ಪದ ಒಂದೇ, ಗಡಿ ದಾಟಿದರೆ ಅದರ ಫಲ ಬೇರೆ.

ಆದ್ದರಿಂದ ಹಳೆಯ ಕಾಗದಪತ್ರಗಳಲ್ಲಿ ‘ಉಡಿಕೆಯಾದವಳು’ ಎಂಬ ಮಾತು ಬಂದಾಗ ಅದನ್ನು ಬರಿಯ ಸಾಮಾಜಿಕ ವಿಶೇಷಣವೆಂದು ಓದುವಂತಿಲ್ಲ. ಹೊಲದ ಮೇಲಿನ ಹಕ್ಕಿನ ವಾದವೂ ಅದರಲ್ಲಿ ಅಡಗಿರಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವಿಧವೆಯ ಪಾಲನ್ನು ಪೂರ್ಣ ಸ್ವಾಮ್ಯವಾಗಿಸಿದ ಮೇಲೆ ಆ ವಾದಕ್ಕೆ ಆಧಾರ ತಪ್ಪಿತು. 1856ರ ಕಾಯಿದೆ 1983ರಲ್ಲಿ ರದ್ದಾಯಿತು.