ಬಾಸ್ಕ್ ಕಡಲಂಚಿಗೆ ನಾಲ್ಕು ದಿನ, ಕೈ ಕಚ್ಚದಂತೆ

ಸ್ಪೇನ್‌ನ ಉತ್ತರದಲ್ಲಿ ಬಿಲ್ಬಾವೊದಿಂದ ಫ್ರಾನ್ಸ್ ಗಡಿಯವರೆಗಿನ ಬಾಸ್ಕ್ ಕರಾವಳಿ ನೋಡಲು ಕಾರು ಬಾಡಿಗೆಗೆ ಹಿಡಿಯಿರಿ ಎನ್ನುವವರೇ ಹೆಚ್ಚು. ಬೇಕಾಗಿಲ್ಲ. ಯೂಸ್ಕೊಟ್ರೆನ್ ಎಂಬ ಪುಟ್ಟ ರೈಲು ಇಲ್ಲಿನ ಹಲವು ಊರುಗಳಲ್ಲಿ ನಿಲ್ಲುತ್ತದೆ. ಹಿಂದೆ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಓಡುತ್ತಿತ್ತಲ್ಲ, ಹಾಗೆ ಇದೂ ಮೀಟರ್‌ಗೇಜ್. ಅವಸರ ಇದಕ್ಕೆ ಗೊತ್ತಿಲ್ಲ. ಬಿಲ್ಬಾವೊದಿಂದ ಸಾನ್ ಸೆಬಾಸ್ಟಿಯನ್‌ಗೆ ಬಸ್ಸು ಒಂದೂಕಾಲು ಗಂಟೆಯಲ್ಲಿ ತಲುಪಿದರೆ ಇದು ಎರಡೂವರೆ ಗಂಟೆ ಮೀರುತ್ತದೆ. ಆದರೆ ನಮಗೆ ಬೇಕಿರುವುದು ನಡುವಿನ ಊರುಗಳು.

ಹೊರಡುವ ಮುನ್ನ

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ವಾಸದ ಪರವಾನಗಿ ಪಡೆದು ಕೆಲಸದಲ್ಲಿರುವ ಕನ್ನಡಿಗರಿಗೆ ಈ ತಲೆನೋವಿಲ್ಲ. ಒಂದು ದೀರ್ಘ ವಾರಾಂತ್ಯ ಸಾಕು.

ಆಗಸ್ಟ್ ಬೇಡವೇ ಬೇಡ. ಇಡೀ ಸ್ಪೇನ್ ಆಗ ಕಡಲಿಗೆ ಇಳಿದಿರುತ್ತದೆ, ಕೋಣೆಯ ಬಾಡಿಗೆ ಗಗನಕ್ಕೇರಿರುತ್ತದೆ. ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಯಾವ ತಿಂಗಳಾದರೂ ಮಳೆ ಅಂಗಿ ಇರಲಿ. ಸಿರಿಮಿರಿ ಎಂದು ಅವರು ಕರೆಯುವುದು ನಮ್ಮ ಸೋನೆಯನ್ನೇ; ಕೊಡೆ ಬಿಡಿಸುವಷ್ಟು ಜೋರಿಲ್ಲ, ಬಿಡಿಸದಿದ್ದರೆ ಮೈಯೆಲ್ಲ ಒದ್ದೆ.

ಕೋಣೆ ಕಾದಿರಿಸುವ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ: ಸುಮಾಯಾ ಊರಿನ ಉಬ್ಬರ-ಇಳಿತದ ಪಟ್ಟಿ ನೋಡಿ. ಹಗಲಿನಲ್ಲಿ ಇಳಿತ ಬೀಳುವ ದಿನವನ್ನು ಆರಿಸಿಕೊಂಡು ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನಷ್ಟು ಹಿಂದೆ ಸರಿಯುತ್ತದೆ. ಈ ಪಟ್ಟಿ ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ.

ಮೊದಲೆರಡು ದಿನ: ಬಿಲ್ಬಾವೊ ಕಡೆ

ಇಳಿದ ಕೂಡಲೇ ಮೆಟ್ರೊ ನಿಲ್ದಾಣದ ಯಂತ್ರದಲ್ಲಿ ಬಾರಿಕ್ ಕಾರ್ಡ್ ಕೊಳ್ಳಿ. ಬಿಡಿ ಟಿಕೆಟ್‌ಗಿಂತ ಬಹಳ ಅಗ್ಗ. ಮೆಟ್ರೊ, ರೈಲು ಎರಡಕ್ಕೂ ನಡೆಯುತ್ತದೆ. ಹತ್ತುವಾಗಷ್ಟೇ ಅಲ್ಲ, ಇಳಿದ ಮೇಲೂ ತಾಗಿಸಲು ಮರೆಯಬೇಡಿ.

ಎರಡನೇ ದಿನ ಬೆರ್ಮೆಯೊ ಕಡೆಯ ರೈಲು ಹಿಡಿಯಿರಿ. ಮೊದಲು ಗೆರ್ನಿಕಾದಲ್ಲಿ ಇಳಿಯುವುದು. 1937ರ ಏಪ್ರಿಲ್ 26ರಂದು, ಸಂತೆಯ ಸೋಮವಾರ, ಜರ್ಮನಿ ಮತ್ತು ಇಟಲಿಯ ವಿಮಾನಗಳು ಬಾಂಬು ಹಾಕಿ ಸುಟ್ಟ ಊರಿದು. ಪಿಕಾಸೊನ ಚಿತ್ರದಿಂದ ಜಗತ್ತಿಗೆ ಗೊತ್ತಾಯಿತು. ಬಾಸ್ಕ್ ಪ್ರತಿನಿಧಿಗಳು ಸಭೆ ಸೇರುತ್ತಿದ್ದ ಓಕ್ ಮರದ ಸಂತತಿ ಈಗಲೂ ಸಭಾಭವನದ ಅಂಗಳದಲ್ಲಿದೆ. ಸೋಮವಾರ ಹೋದರೆ ಸಂತೆಯೂ ಸಿಗುತ್ತದೆ.

ಮುಂದಿನ ರೈಲಿನಲ್ಲಿ ಉರ್ದಾಯ್‌ಬಾಯ್ ಅಳಿವೆಯ ಪಕ್ಕದಲ್ಲೇ ಸಾಗಿ ಮುಂದಾಕಾ. ಅಲೆ ಸವಾರರಿಗೆ ಇದು ತೀರ್ಥಕ್ಷೇತ್ರ. ನಮಗೆ ದಂಡೆಯ ಕಟ್ಟೆಯೇ ಸಾಕು. ಕೊನೆಯ ನಿಲ್ದಾಣ ಬೆರ್ಮೆಯೊ, ಮೀನುಗಾರರ ಬಂದರು. ಅದರಾಚೆಯ ಗಾಸ್ತೆಲುಗಾಚೆ ಎಂಬ ಬಂಡೆದ್ವೀಪದ ಮೆಟ್ಟಿಲು ಹತ್ತುವ ಆಸೆಯಿದ್ದರೆ ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಿ. ಜನಜಂಗುಳಿಯ ಕಾಲದಲ್ಲಿ ಹಾಗೇ ಬಿಡುವುದಿಲ್ಲ. ಇದಕ್ಕೆ ದುಡ್ಡಿಲ್ಲ.

ಮೂರನೇ ದಿನ: ಸುಮಾಯಾ

ಇಡೀ ಪ್ರವಾಸ ಈ ದಿನಕ್ಕಾಗಿ. ನಾನು ಮೊದಲ ಸಲ ಪಟ್ಟಿ ನೋಡದೆ ಹೋಗಿ, ಇತ್ಸುರುನ್ ಕಡಲತೀರದ ಮೆಟ್ಟಿಲಿಗೆ ಬಡಿಯುತ್ತಿದ್ದ ನೀರನ್ನಷ್ಟೇ ನೋಡಿ ವಾಪಸಾಗಿದ್ದೆ. ಎರಡನೇ ಸಲ ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಿ ನಿಂತೆ. ನೀರು ಹಿಂದೆ ಸರಿದಂತೆ ಬಂಡೆಗಳು ಒಂದೊಂದಾಗಿ ಮೇಲೆದ್ದವು: ಅಡ್ಡ ಮಲಗಬೇಕಿದ್ದ ಪದರಗಳು ಓರೆಯಾಗಿ ನಿಂತು, ಕಪಾಟಿನಲ್ಲಿ ವಾಲಿದ ಹಳೇ ಲೆಕ್ಕದ ಪುಸ್ತಕಗಳಂತೆ ಕಡಲೊಳಗೆ ಸಾಲಾಗಿ ಹೋಗಿವೆ. ಗಟ್ಟಿ ಸುಣ್ಣಕಲ್ಲು, ಮೆತ್ತನೆಯ ಜೇಡಿಕಲ್ಲು, ಮತ್ತೆ ಸುಣ್ಣಕಲ್ಲು. ಮೆತ್ತನೆಯದನ್ನು ಅಲೆ ತಿಂದಿದೆ, ಗಟ್ಟಿಯದು ಉಳಿದಿದೆ. ಭೂವಿಜ್ಞಾನಿಗಳು ಇದನ್ನು ಫ್ಲಿಷ್ ಎನ್ನುತ್ತಾರೆ. ಡೈನೊಸಾರ್‌ಗಳು ಅಳಿದ 6.6 ಕೋಟಿ ವರ್ಷಗಳ ಹಿಂದಿನ ಕಾಲದ ಗುರುತೂ ಇಲ್ಲಿನ ಬಂಡೆಯಲ್ಲಿ ತೆಳುವಾದ ಗಾಢ ಪದರವಾಗಿ ಉಳಿದಿದೆ. ಪಾಚಿ ಜಾರುತ್ತದೆ, ಚಪ್ಪಲಿ ಬೇಡ, ಬೂಟು ಹಾಕಿ. ನೀರು ತಿರುಗಿತೆಂದರೆ ತಡ ಮಾಡದೆ ಮೇಲೆ ಬನ್ನಿ. ಇಲ್ಲಿನ ಉಬ್ಬರ ಮಂಗಳೂರಿನದಕ್ಕಿಂತ ದೊಡ್ಡದು.

ಅಲ್ಲಿಂದ ಗೆತಾರಿಯಾಕ್ಕೆ ದ್ರಾಕ್ಷಿ ತೋಟಗಳ ಗುಡ್ಡದ ಮೇಲೆ ಎರಡು ಗಂಟೆಯ ನಡಿಗೆ. ಸಾಂತಿಯಾಗೊ ಯಾತ್ರಿಕರ ಉತ್ತರದ ದಾರಿಯಿದು. ಹಳದಿ ಬಾಣದ ಗುರುತು ಎದುರಿನಿಂದ ಬರುವವರಿಗಾಗಿ, ನೀವು ಅದಕ್ಕೆ ಬೆನ್ನು ಹಾಕಿ ಹೋಗಬೇಕು. ಮಗೆಲನ್ ನಡುದಾರಿಯಲ್ಲಿ ಸತ್ತ ಮೇಲೆ 1522ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಹಡಗು ತಂದ ಎಲ್ಕಾನೊ ಗೆತಾರಿಯಾದವನು. ಗೆತಾರಿಯಾಕ್ಕೆ ರೈಲಿಲ್ಲ. ಕಡಲಿಗಂಟಿದ ಪಾದಚಾರಿ ದಾರಿಯಲ್ಲಿ ಇನ್ನೊಂದು ಗಂಟೆ ನಡೆದರೆ ಸರಾವುತ್ಸ್. ಕಾಲು ಸೋತಿದ್ದರೆ ಬಸ್ಸಿದೆ. ಕೊನೆಯ ಎರಡು ರಾತ್ರಿ ಇಲ್ಲೇ ತಂಗಿ. ಸಾನ್ ಸೆಬಾಸ್ಟಿಯನ್ ರೈಲಿನಲ್ಲಿ ಅರ್ಧ ಗಂಟೆಯ ದೂರ, ಕೋಣೆಗಳೂ ಅಷ್ಟು ತುಟ್ಟಿಯಲ್ಲ.

ಊಟ, ಕೊನೆಯ ದಿನ

ವಾರದ ದಿನಗಳಲ್ಲಿ ಮಧ್ಯಾಹ್ನ ‘ಮೆನು ದೆಲ್ ದಿಯಾ’ ಕೇಳಿ. ಎರಡು ಬಗೆಯ ಅಡುಗೆ, ಬ್ರೆಡ್, ಸಿಹಿ ಸೇರಿ ಸುಮಾರು 15ರಿಂದ 20 ಯೂರೊ. ಊಟ ಒಂದೂವರೆಗೆ ಶುರು, ಮೂರೂವರೆ ದಾಟಿದರೆ ಅಡುಗೆಮನೆ ಮುಚ್ಚಿರುತ್ತದೆ. ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದರೆ ಸಾಲದು; ಹ್ಯಾಮನ್ನು ಮಾಂಸದ ಲೆಕ್ಕಕ್ಕೇ ಹಿಡಿಯದವರಿದ್ದಾರೆ. ‘ಸಿನ್ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್’ ಎಂದು ಮೂರನ್ನೂ ಹೇಳಿ. ಕಲ್ಲುಪ್ಪು ಉದುರಿಸಿದ ಗೆರ್ನಿಕಾದ ಹುರಿದ ಹಸಿಮೆಣಸು, ಇದಿಯಸಾಬಾಲ್ ಚೀಸ್ ಸಿಗುತ್ತವೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೋರ್ತಿಯಾ ಎಲ್ಲೆಲ್ಲೂ ಇದೆ.

ನಾಲ್ಕನೇ ದಿನ ಸಾನ್ ಸೆಬಾಸ್ಟಿಯನ್. ಅಲ್ಲಿನ ಬೋರ್ಡುಗಳಲ್ಲಿ ದೊನೊಸ್ತಿಯಾ ಎಂದೂ ಇರುತ್ತದೆ, ಗಾಬರಿಯಾಗಬೇಡಿ. ಲಾ ಕೊಂಚಾ ಕಡಲತೀರದಲ್ಲಿ ನಡೆಯಲು ಕಾಸು ಕೇಳುವವರಿಲ್ಲ. ಕಾಸು ಖಾಲಿಯಾಗುವುದು ಹಳೇಪೇಟೆಯಲ್ಲಿ, ಪಿಂಚೊ ಎಂಬ ಪುಟ್ಟ ತಿನಿಸುಗಳ ಅಂಗಡಿಗಳಲ್ಲಿ. ಒಂದು ತುಂಡಿಗೆ ಮೂರು ಯೂರೊ ಅಂದರೆ ಅಗ್ಗವೆನಿಸುತ್ತದೆ, ಎಂಟು ತಿಂದ ಮೇಲೆ ಲೆಕ್ಕ ಬೇರೆ. ಒಂದಂಗಡಿಯಲ್ಲಿ ಒಂದೇ ತಿಂದು, ನಿಂತೇ ಮುಗಿಸಿ, ಮುಂದಿನ ಬಾಗಿಲಿಗೆ ಹೋಗಿ. ಊರಿನವರು ಮಾಡುವುದೂ ಅದನ್ನೇ. ಹೊರಡುವಾಗ ‘ಎಸ್ಕೆರ್ರಿಕ್ ಆಸ್ಕೊ’ ಅನ್ನಿ, ಬಾಸ್ಕ್ ನುಡಿಯ ಧನ್ಯವಾದ. ಗಲ್ಲಾದ ಹಿಂದಿನ ಬಿಗಿದ ಮುಖ ಸ್ವಲ್ಪ ಸಡಿಲಾಗುವುದನ್ನು ನಾನು ಕಂಡಿದ್ದೇನೆ.