ಫ್ಲಾಕ್ಸ್ ಬಿತ್ತಲು ದಸರೆವರೆಗೆ ಕಾಯಿರಿ

ಅಕ್ಕಾರೇ, ಆಷಾಢದಲ್ಲಿ ಬಿತ್ತಿದ ಫ್ಲಾಕ್ಸ್ ಸಸಿಗಳು ಬುಡ ಕೊಳೆತು ಬಿದ್ದದ್ದಕ್ಕೆ ನಿಮ್ಮ ಆರೈಕೆ ಕಾರಣವಲ್ಲ. ಹಂಗಾಮು ತಪ್ಪಿದೆ. ಬೆಳಗಾವಿ ಕೋಟೆಯ ಸುತ್ತ ಮಳೆ ಹಿಡಿದರೆ ಬಿಡುವುದಿಲ್ಲ, ಖಾನಾಪುರದ ಕಡೆಗಂತೂ ಇನ್ನೂ ಜೋರು. ಫ್ಲಾಕ್ಸ್ ಬೇರು ನಿಂತ ನೀರನ್ನು ತಾಳದು.

ನೀವು ಚಿತ್ರದಲ್ಲಿ ನೋಡಿ ಮೆಚ್ಚಿದ, ಸೊಂಟದೆತ್ತರ ಬೆಳೆಯುವ ಬಹುವಾರ್ಷಿಕ ಫ್ಲಾಕ್ಸ್‌ಗೆ ಕೊರೆಯುವ ಚಳಿಗಾಲ ಬೇಕು; ನಮ್ಮ ಚಳಿ ಅದಕ್ಕೆ ಸಾಲದು. ನಮಗೆ ಒಗ್ಗುವುದು ಗಿಡ್ಡನೆಯ ವಾರ್ಷಿಕ ಜಾತಿ, ಫ್ಲಾಕ್ಸ್ ಡ್ರಮಂಡೈ. ಟೆಕ್ಸಾಸ್ ಮೂಲದ ಈ ಗಿಡಕ್ಕೆ ಅದರ ಬೀಜ ಸಂಗ್ರಹಿಸಿದ ಥಾಮಸ್ ಡ್ರಮಂಡ್ ಅವರ ಹೆಸರಿದೆ. ಬಣ್ಣಗಳಲ್ಲಿ ಇದು ಯಾವುದಕ್ಕೂ ಕಡಿಮೆಯಿಲ್ಲ, ನಂಬಿ.

ದಸರೆ ಹೊತ್ತಿಗೆ, ಮಳೆ ಹಿಂದೆ ಸರಿದ ಮೇಲೆ ಬಿತ್ತಿ. ಬೀಜದ ಮೇಲೆ ತೆಳುವಾಗಿ ಮಣ್ಣು ಮುಚ್ಚಲೇಬೇಕು, ಬೆಳಕು ಬಿದ್ದರೆ ಸರಿಯಾಗಿ ಮೊಳೆಯದು. ಕೆಂಪು ಮಣ್ಣಾದರೆ ಹಳೆಯ ಸಗಣಿ ಗೊಬ್ಬರ ಬೆರೆಸಿ. ಎರಿ ಮಣ್ಣಾದರೆ ಮಡಿಯನ್ನು ಎತ್ತರಿಸಿ. ನಾಲ್ಕೈದು ಎಲೆ ಬಂದಾಗ ಗೇಣು ಬಿಟ್ಟು ನಾಟಿ ಮಾಡಿ, ಬೇರೂರಿದ ಮೇಲೆ ತುದಿ ಚಿವುಟಿ. ಕವಲು ಹೆಚ್ಚಿದಷ್ಟೂ ಹೂಗೊಂಚಲು.

ಇಬ್ಬನಿಯ ದಿನಗಳಲ್ಲಿ ಎಲೆಗೆ ಬಿಳಿ ಪುಡಿ ಅಂಟಿದರೆ ಅದು ಬೂದಿ ರೋಗ. ರೋಗದ ಎಲೆ ಕಿತ್ತು ದೂರ ಎಸೆಯಿರಿ, ಬೆಳಿಗ್ಗೆ ಬುಡಕ್ಕಷ್ಟೇ ನೀರು ಕೊಡಿ. ಹಬ್ಬಿದರೆ ಲೀಟರ್ ನೀರಿಗೆ 2 ಗ್ರಾಂ ನೀರಲ್ಲಿ ಬೆರೆಯುವ ಗಂಧಕದ ಪುಡಿ ಕದಡಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಎಲೆ ಸುಟ್ಟೀತು. ಬಾಡಿದ ಗೊಂಚಲು ಕತ್ತರಿಸುತ್ತಿದ್ದರೆ ಶಿವರಾತ್ರಿವರೆಗೂ ಹೂ ಸಿಗುತ್ತದೆ.