ಉಂಡ ಮೇಲೆ ರಕ್ತ ಎತ್ತ ಹರಿಯುತ್ತದೆ?

ಹೋದ ಎಳ್ಳ ಅಮಾವಾಸ್ಯೆಗೆ ಬೇವೂರಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತೆವು. ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ, ಅನ್ನ. ಎಪ್ಪತ್ತು ದಾಟಿದ ನಮ್ಮಪ್ಪ ಹೊಟ್ಟೆ ತುಂಬ ಉಂಡರು. ಮುಕ್ಕಾಲು ತಾಸು ಬಿಟ್ಟು ಜೋಳ ನೋಡಲು ಎದ್ದವರು ಬದುವಿನ ಮೇಲೆ ಕುಸಿದರು. "ಗಾಳಿ ಸೋಕೈತಿ" ಅಂದರು ಕೆಲವರು. "ಬಿಪಿ ಗುಳಿಗಿ ಬಿಡಸ್ರಿ" ಅಂದರು ಇನ್ನು ಕೆಲವರು.

ಡಾಕ್ಟರು ಊಟಕ್ಕೆ ಮೊದಲೊಮ್ಮೆ, ಊಟವಾಗಿ ಒಂದು ತಾಸಿಗೆ ಮತ್ತೊಮ್ಮೆ ಬಿಪಿ ನೋಡಿದರು. ಮೇಲಿನ ಅಂಕಿ 138 ಇದ್ದದ್ದು 106ಕ್ಕೆ ಇಳಿದಿತ್ತು. "ಗಾಳಿ ಅಲ್ಲ, ರಕ್ತ ಕರುಳಿನ ಕಡೆ ಹರದೈತಿ" ಎಂದರು. ಅವರು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ.

ಮಡಿಗೆ ನೀರು ತಿರುವಿದಂತೆ

ಸುಮ್ಮನೆ ಕುಳಿತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಕಾಲು ಭಾಗದಷ್ಟು ಜಠರ, ಕರುಳು, ಯಕೃತ್ತಿಗೆ ಹೋಗುತ್ತದೆ. ಉಂಡ ಮೇಲೆ ಸಣ್ಣ ಕರುಳಿನ ಪಾಲು ಹೆಚ್ಚುಕಡಿಮೆ ಇಮ್ಮಡಿ. ಬೋರಿನ ನೀರನ್ನು ಒಂದೇ ಮಡಿಗೆ ತಿರುವಿದಂತೆ. ಆಗ ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ, ಬೇರೆ ಕಡೆಯ ರಕ್ತನಾಳಗಳು ಬಿಗಿಯಾಗುತ್ತವೆ, ಒತ್ತಡ ಉಳಿಯುತ್ತದೆ. ವಯಸ್ಸಾದವರಲ್ಲಿ, ಬಿಪಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಹೊಂದಾಣಿಕೆ ತಪ್ಪಬಹುದು. ಊಟವಾದ ಎರಡು ತಾಸಿನೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ತೊಂದರೆಯೇ.

ಯಾವ ಆಹಾರ, ಏನು ಪರಿಣಾಮ?

ರಕ್ತವನ್ನು ಕರೆಯುವುದು ಹೊಟ್ಟೆಯ ಭಾರಕ್ಕಿಂತ ಅರಗಿದ ಆಹಾರದ ಸತ್ವ. ಅನ್ನ, ರೊಟ್ಟಿಯ ಪಿಷ್ಟ ಸಕ್ಕರೆಯಾಗಿ ಕರುಳಿನ ಒಳಪದರಕ್ಕೆ ತಾಗುತ್ತದೆ. ಅದನ್ನು ಹೀರಿಕೊಳ್ಳಲು ಅಲ್ಲಿನ ಜೀವಕೋಶಗಳು ಹೆಚ್ಚು ಆಮ್ಲಜನಕ ಬಳಸುತ್ತವೆ. ಆಮ್ಲಜನಕ ಕಡಿಮೆಯಾದ ಜಾಗದಲ್ಲಿ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ. ಎಣ್ಣೆ, ತುಪ್ಪದ ಕೊಬ್ಬು ಅರಗಿ ಪಿತ್ತರಸದ ಜೊತೆ ಬೆರೆತರೆ ಇನ್ನೂ ಬಲವಾಗಿ, ಇನ್ನೂ ಹೆಚ್ಚು ಹೊತ್ತು ರಕ್ತ ಕರೆಯುತ್ತದೆ.

ಆದರೆ ಕೊಬ್ಬು ಜಠರದಿಂದ ನಿಧಾನವಾಗಿ ಇಳಿಯುತ್ತದೆ. ಬೆಲ್ಲ, ಸಕ್ಕರೆ ಬೇಗ ಇಳಿಯುತ್ತವೆ. ಮುದುಕರ ಬಿಪಿಯನ್ನು ಗಕ್ಕನೆ ಬೀಳಿಸುವುದು ಹೆಚ್ಚಾಗಿ ಇಂಥ ಸಿಹಿಯೂಟವೇ.

ಎತ್ತಿನಲ್ಲೂ ಹೀಗೇ. ಮೇವು ಹೊಟ್ಟೆಯಲ್ಲಿ ಹುದುಗಿದಾಗ ಹುಟ್ಟುವ ಆಮ್ಲಗಳು ಆ ಗೋಡೆಗೆ ರಕ್ತ ಹೆಚ್ಚಿಸುತ್ತವೆ. ಮೇವು ತಿಂದ ಎತ್ತನ್ನು ನಮ್ಮಪ್ಪ ಕೂಡಲೇ ಹೂಡುತ್ತಿರಲಿಲ್ಲ, ಮೆಲುಕು ಹಾಕಲು ಬಿಡುತ್ತಿದ್ದರು. ತಮಗೆ ಮಾತ್ರ ಆ ನಿಯಮ ಇರಲಿಲ್ಲ!

ನಾವು ಬದಲಿಸಿದ್ದು

* ಒಂದೇ ದೊಡ್ಡ ಊಟದ ಬದಲು ಸ್ವಲ್ಪಸ್ವಲ್ಪವೇ ನಾಲ್ಕೈದು ಸಲ. ಸಿಹಿ, ಅನ್ನ ಕಡಿಮೆ; ಕಾಳಿನ ಪಲ್ಯ ಹೆಚ್ಚು.
* ಊಟಕ್ಕೆ ಮೊದಲು ಎರಡು ಲೋಟ ನೀರು. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.
* ಉಂಡ ಮೇಲೆ ಒಂದೆರಡು ತಾಸು ನೆರಳಲ್ಲಿ ವಿಶ್ರಾಂತಿ. ಬಿಸಿಲಲ್ಲಿ ಚರ್ಮ, ಕೆಲಸದಲ್ಲಿ ಸ್ನಾಯು, ಎರಡೂ ರಕ್ತ ಕೇಳುತ್ತವೆ. ಏಳುವಾಗ ನಿಧಾನ.
* ಗುಳಿಗೆ ಬಿಡಿಸಲಿಲ್ಲ. ಡಾಕ್ಟರು ಅದರ ಹೊತ್ತು ಬದಲಿಸಿಕೊಟ್ಟರು. ತಾವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಮಾತು. ಪ್ರತಿ ಸಲ ಉಂಡು ಅರ್ಧ ತಾಸಿನಲ್ಲಿ ಹೊಟ್ಟೆ ನೋಯುತ್ತ, ಊಟಕ್ಕೇ ಹೆದರಿ ತೂಕ ಇಳಿಯುತ್ತಿದ್ದರೆ "ಗ್ಯಾಸ್" ಎಂದು ಸುಮ್ಮನಿರಬೇಡಿ. ಕರುಳಿನ ರಕ್ತನಾಳ ಕಿರಿದಾಗಿರಬಹುದು. ಬೀಡಿ ಸೇದುವವರಿಗೆ ಈ ಅಪಾಯ ಹೆಚ್ಚು.

ಅಪ್ಪ ಆಮೇಲೆ ಬಿದ್ದಿಲ್ಲ. ಹೋಳಿಗೆಯನ್ನೂ ಪೂರ್ತಿ ಬಿಟ್ಟಿಲ್ಲ, ಅರ್ಧಕ್ಕೆ ನಿಲ್ಲಿಸುತ್ತಾರೆ. ನಿಮ್ಮ ಮನೆಯ ಹಿರಿಯರಿಗೂ ಉಂಡ ಮೇಲೆ ತಲೆ ತಿರುಗುತ್ತಿದ್ದರೆ ಊಟದ ಮೊದಲು, ನಂತರ ಎರಡೂ ಸಲ ಬಿಪಿ ನೋಡಿಸಿ.